ಮಲೆನಾಡಿನ ಮಳೆಗಾಲ ತಾಳಿಕೊಳ್ಳುವ ಕಂಪ್ಯೂಟರ್ ಬಿಡಿಭಾಗಗಳು: ಬಳಸಿದವರ ಅಭಿಪ್ರಾಯ ಬೇಕು

ಪ್ರಶ್ನೆ: ಕೊಡಚಾದ್ರಿ ತಪ್ಪಲು (ಹೊಸನಗರ)

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿದ್ದುಕೊಂಡು ಮನೆ ಕಟ್ಟಿಸುವವರಿಗೆ ನಕ್ಷೆ ಮತ್ತು ಅಂದಾಜುಪಟ್ಟಿ ತಯಾರಿಸಿಕೊಡುವುದು ನನ್ನ ಕೆಲಸ. ಈಗಿನ ಕಂಪ್ಯೂಟರಿನಲ್ಲಿರುವುದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹೀಗಾಗಿ ಹೊಸ ಯಂತ್ರ ಕಟ್ಟಿಸಲೇಬೇಕಾಗಿದೆ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೀಗೊಂದು ಪಟ್ಟಿ ಕೊಟ್ಟಿದ್ದಾರೆ: ಕೋರ್ ಐ5 12400ಎಫ್ ಪ್ರೊಸೆಸರ್, 16 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಕಡತಗಳನ್ನು ಇಡುವ ವೇಗದ ಡಿಸ್ಕ್), ಮತ್ತು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆ) ಸಮೇತ ಬರುವ ಒಂದು ಕ್ಯಾಬಿನೆಟ್. ಅಂತರ್ಜಾಲದಲ್ಲಿ ಈ ಭಾಗಗಳ ವಿಮರ್ಶೆ ಬೇಕಾದಷ್ಟಿದೆ. ಆದರೆ ಅವೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿ, ಅಲುಗಾಡದ ಕರೆಂಟಿನಲ್ಲಿ ಪರೀಕ್ಷಿಸಿ ಬರೆದವು. ನಮ್ಮಲ್ಲಿ ಸಂಜೆಯಾದರೆ ವೋಲ್ಟೇಜ್ 170ಕ್ಕೆ ಇಳಿಯುತ್ತದೆ, ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆಗೆ ತಾಗಿಸಿಟ್ಟ ಪುಸ್ತಕಕ್ಕೂ ಬೂಷ್ಟು ಬರುತ್ತದೆ, ಗಾಳಿಗೆ ಮರ ಬಿದ್ದರೆ ಕರೆಂಟು ಬರುವುದು ಮರುದಿನವೇ. ಮನೆಯಲ್ಲಿ ಇನ್ವರ್ಟರ್ ಇದೆ, ಹಂಚಿನ ಮಾಡಿನ ಕೋಣೆಯಲ್ಲಿ ಕೆಲಸ. ಈ ವಾತಾವರಣದಲ್ಲಿ ಯಾವ ಬಿಡಿಭಾಗಗಳು ಬಾಳಿಕೆ ಬಂದಿವೆ, ಯಾವುದಕ್ಕೆ ಹೆಚ್ಚು ಹಣ ಹಾಕಬೇಕು, ಎಲ್ಲಿ ಕಡಿಮೆ ಮಾಡಬಹುದು ಎಂಬುದನ್ನು ಬಳಸಿದವರು ತಿಳಿಸಬೇಕೆಂದು ಕೋರುತ್ತೇನೆ. ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು ಎರಡು ಆಯಾಮದ ನಕ್ಷೆಗಳು. ಮುಂಭಾಗದ ನೋಟ ತೋರಿಸಲು ಮಾತ್ರ ಆಗೊಮ್ಮೆ ಈಗೊಮ್ಮೆ ಮೂರು ಆಯಾಮದ ಚಿತ್ರ ಬೇಕಾಗುತ್ತದೆ.

ಉತ್ತರ: ದುರ್ಗಿಗುಡಿ ಬೆಂಚು (ಶಿವಮೊಗ್ಗ)

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ವೃತ್ತಿ. ಆದ್ದರಿಂದ ಯಾವ ಭಾಗ ವೇಗವಾಗಿದೆ ಎನ್ನುವುದಕ್ಕಿಂತ ಯಾವ ಭಾಗ ಸತ್ತು ನನ್ನ ಮೇಜಿಗೆ ಬರುತ್ತದೆ ಎನ್ನುವುದನ್ನು ಹೇಳಬಲ್ಲೆ. ಪ್ರೊಸೆಸರ್ ಕೆಟ್ಟು ಬರುವುದು ಬಹಳ ಅಪರೂಪ. ಎಸ್‌ಎಂಪಿಎಸ್ ಕೆಟ್ಟು ಬರುವುದು ಸಾಮಾನ್ಯ, ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಸುಟ್ಟು ಬರುವುದು ಪ್ರತಿ ಮುಂಗಾರಿನ ಮುಂಚೆ ತಪ್ಪದು. ನಿಮಗೆ ಕೊಟ್ಟಿರುವ ಪಟ್ಟಿಯಲ್ಲಿ ನನಗೆ ಒಪ್ಪಿಗೆಯಾಗದ ಒಂದೇ ವಸ್ತುವೆಂದರೆ ಕ್ಯಾಬಿನೆಟ್ ಜೊತೆಗೆ ಉಚಿತವಾಗಿ ಬರುವ ಆ ಎಸ್‌ಎಂಪಿಎಸ್, ಮತ್ತು ಅದೇ ಅತಿ ಮುಖ್ಯವಾದ ವಸ್ತು.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಗ್ಗದ ಎಸ್‌ಎಂಪಿಎಸ್‌ಗಳ ಮೇಲಿನ ಚೀಟಿ ಓದಿದರೆ ಒಳಬರುವ ವೋಲ್ಟೇಜ್ 180ರಿಂದ ಆರಂಭವಾಗುವುದು ಕಾಣುತ್ತದೆ. ಕೆಲವಕ್ಕೆ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ನಿಮ್ಮೂರಿನ ಸಂಜೆಯ 170 ವೋಲ್ಟಿಗೆ ಅವು ತತ್ತರಿಸುತ್ತವೆ. ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅದರ ಅಲೆಗೆ ಹೊಂದುವಂತೆ ಎಳೆದುಕೊಳ್ಳುವ ಒಳಗಿನ ಏರ್ಪಾಡು) ಇರುವ, 100ರಿಂದ 240 ವೋಲ್ಟ್ ಎಂದು ನಮೂದಿಸಿದ ಎಸ್‌ಎಂಪಿಎಸ್‌ಗಳು ಇಳಿದ ವೋಲ್ಟೇಜನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಎರಡನೆಯದು, ಕರೆಂಟು ಕಡಿದ ಮೇಲೆ ಒಳಗಿನ ದೊಡ್ಡ ಕೆಪಾಸಿಟರ್ ಎಷ್ಟು ಹೊತ್ತು ಯಂತ್ರವನ್ನು ಹಿಡಿದಿಡುತ್ತದೆ ಎಂಬುದು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನದಂಡ ಬಹುಕಾಲದಿಂದ ಇದನ್ನು ಸುಮಾರು 16ರಿಂದ 17 ಮಿಲಿಸೆಕೆಂಡ್ ಎಂದು ಇರಿಸಿಕೊಂಡಿದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು. ಯುಪಿಎಸ್ ಬ್ಯಾಟರಿಗೆ ಬದಲಾಗುವುದು ಈ ಅವಕಾಶದೊಳಗೇ ಆಗಬೇಕು. ಉಚಿತ ಎಸ್‌ಎಂಪಿಎಸ್‌ನ ಮುಚ್ಚಳ ತೆರೆದು ನೋಡಿದರೆ ಕೆಪಾಸಿಟರ್ ಹೆಬ್ಬೆರಳಿನಷ್ಟೂ ಇರುವುದಿಲ್ಲ, ಒಳಬರುವ ತಂತಿಯ ಬಳಿ ಫಿಲ್ಟರ್ ಕೂರಬೇಕಾದ ಜಾಗದಲ್ಲಿ ಬೋರ್ಡಿನ ಮೇಲೆ ಗುರುತು ಮಾತ್ರ ಅಚ್ಚಾಗಿರುತ್ತದೆ, ಭಾಗವೇ ಇರುವುದಿಲ್ಲ.

80 ಪ್ಲಸ್ ಬ್ರಾಂಜ್ ಎಂಬ ಮುದ್ರೆಯನ್ನು ನೋಡಿ ತೆಗೆದುಕೊಳ್ಳುವುದು ಒಳ್ಳೆಯದೇ. ಆದರೆ ಆ ಮುದ್ರೆ ಹೇಳುವುದು ದಕ್ಷತೆಯನ್ನು ಮಾತ್ರ. ಅತಿವೋಲ್ಟೇಜ್, ಶಾರ್ಟ್ ಮತ್ತು ಅತಿಹೊರೆಯಿಂದ ರಕ್ಷಣೆ ಇದೆಯೇ ಎಂಬುದನ್ನು ಡಬ್ಬದ ಮೇಲೆ ಪ್ರತ್ಯೇಕವಾಗಿ ಓದಿಕೊಳ್ಳಬೇಕು. ನಿಮ್ಮ ಯಂತ್ರಕ್ಕೆ 450 ಅಥವಾ 550 ವ್ಯಾಟ್ ಧಾರಾಳ.

ನೆಟ್‌ವರ್ಕ್ ಪೋರ್ಟಿನ ವಿಷಯ. ಸಿಡಿಲಿನ ಹೊಡೆತ ಪವರ್ ಪ್ಲಗ್‌ನಿಂದ ಮಾತ್ರ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ನನ್ನಲ್ಲಿಗೆ ಬರುವ ಬೋರ್ಡುಗಳಲ್ಲಿ ನೆಟ್‌ವರ್ಕ್ ಪೋರ್ಟಿನ ಹಿಂದೆಯೇ ಇರುವ ಪುಟ್ಟ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ತೂತು ಇರುತ್ತದೆ, ಉಳಿದ ಬೋರ್ಡು ಹೊಸದರಂತೆ ಇರುತ್ತದೆ. ಈಗ ಹಳ್ಳಿಗಳಿಗೂ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದು ನಿಜ. ಆದರೆ ರೌಟರಿನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿರುತ್ತದೆ, ಅಲ್ಲಿಂದ ಹೊಡೆತವು ತಾಮ್ರದ ಲ್ಯಾನ್ ತಂತಿಯ ಮೂಲಕ ಕಂಪ್ಯೂಟರಿಗೆ ದಾಟುತ್ತದೆ. ಆದ್ದರಿಂದ ವೈಫೈ ಇರುವ ಮದರ್‌ಬೋರ್ಡನ್ನು ಆರಿಸಿಕೊಳ್ಳಿ. ಬೇರೆ ಊರಿನವರಿಗೆ ಅದು ಅನುಕೂಲದ ಮಾತು, ನಮಗೆ ರಕ್ಷಣೆಯ ಮಾತು.

ತೇವದ ಬಗ್ಗೆ: ಜುಲೈ, ಆಗಸ್ಟ್ ತಿಂಗಳಲ್ಲಿ 'ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ' ಎಂಬ ದೂರಿನೊಂದಿಗೆ ಬರುವ ಯಂತ್ರಗಳಲ್ಲಿ ರ‍್ಯಾಮ್ ಬಿಚ್ಚಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಸ್ಲಾಟಿಗೆ ಬೀಳದಂತೆ ಒರೆಸಿ, ಮತ್ತೆ ಕೂರಿಸಿದರೆ ಅನೇಕವು ಸರಿಹೋಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಯಂತ್ರ ಓಡಿಸುತ್ತಿದ್ದರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಸ್ಲಾಟುಗಳ ಪಟ್ಟಿಗಳನ್ನು ಕಿತ್ತು ಬಿಡಬೇಡಿ. ಇರುವೆ ಗೂಡು ಕಟ್ಟುವುದೂ ಹಲ್ಲಿ ಒಳಗೆ ಹೋಗಿ ಎಸ್‌ಎಂಪಿಎಸ್‌ನಲ್ಲಿ ಶಾರ್ಟ್ ಆಗುವುದೂ ಆ ಕಿಂಡಿಗಳಿಂದಲೇ.

ಉತ್ತರ: ಆಗುಂಬೆ ಘಾಟಿ (ತೀರ್ಥಹಳ್ಳಿ)

ಬೆಂಚಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪ್ರೊಸೆಸರ್ ಬಗ್ಗೆ ನಾನು ಸೇರಿಸುವುದು ಒಂದೇ: 12400ಎಫ್ ಬಿಟ್ಟು ಬರೀ 12400 ತೆಗೆದುಕೊಳ್ಳಿ. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ವ್ಯತ್ಯಾಸವಿರುವುದು 'ಎಫ್' ಎಂಬ ಅಕ್ಷರ ಹೊತ್ತ ಪ್ರೊಸೆಸರಿನೊಳಗೆ ಬಳಸಬಹುದಾದ ಗ್ರಾಫಿಕ್ಸ್ ಇಲ್ಲ ಎನ್ನುವುದರಲ್ಲಿ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಅದನ್ನು ವಾರಂಟಿಗೆ ಕಳಿಸಿ ಮರಳಿ ಬರುವವರೆಗೆ ಎಫ್ ಯಂತ್ರದ ಪರದೆ ಕಪ್ಪಾಗಿಯೇ ಇರುತ್ತದೆ. ಬೆಂಗಳೂರಿನಲ್ಲಿ ಅದೇ ದಿನ ಬದಲಿ ಕಾರ್ಡ್ ತಂದು ಹಾಕಿಕೊಳ್ಳಬಹುದು. ಘಟ್ಟದ ಮೇಲಿನ ಹಳ್ಳಿಯಲ್ಲಿ ಕೂತವರಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಎಂದರೆ ಕೆಲಸ ನಿಲ್ಲದೆ ಇರುವ ಭರವಸೆ. ಅದರ ಬೆಲೆಯ ಅಂತರವನ್ನು ನಾನು ಸಂತೋಷದಿಂದ ಕೊಡುತ್ತೇನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ನಿಮ್ಮ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಈಗಲೇ ಕೊಳ್ಳುವ ಅಗತ್ಯವಿಲ್ಲ. ಎರಡು ಆಯಾಮದ ನಕ್ಷೆಯ ತಂತ್ರಾಂಶ ಹೆಚ್ಚಾಗಿ ಒಂದು ಕೋರಿನ ವೇಗವನ್ನೇ ನೆಚ್ಚಿಕೊಂಡಿರುತ್ತದೆ. ಮೊದಲ ಮಳೆಗಾಲ ಕಾರ್ಡಿಲ್ಲದೆ ದುಡಿಸಿ ನೋಡಿ, ಮೂರು ಆಯಾಮದ ಕೆಲಸ ಹೆಚ್ಚಾದರೆ ಆಮೇಲೆ ಹಾಕಿಸಿಕೊಳ್ಳಿ. ಹಾಕಿಸುವುದಾದರೆ ಅಂಗಡಿಯವರು ಹೇಳಿದ 3050 6 ಜಿಬಿ ಕೆಟ್ಟ ಆಯ್ಕೆಯೇನಲ್ಲ. ಅದರ ವಿದ್ಯುತ್ ಬಳಕೆ 70 ವ್ಯಾಟ್. ಸಾಮಾನ್ಯವಾಗಿ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಡುವುದಿಲ್ಲ, ಚಿಕ್ಕ ಯುಪಿಎಸ್ ಮೇಲೂ ನಡೆಯುತ್ತದೆ.

ರ‍್ಯಾಮ್ ಒಂದೇ 16 ಜಿಬಿ ಬೇಡ, 8 ಜಿಬಿಯ ಎರಡು ಇರಲಿ. ಎರಡು ಇದ್ದರೆ ಪ್ರೊಸೆಸರ್ ಎರಡು ದಾರಿಯಿಂದ ಏಕಕಾಲಕ್ಕೆ ಓದುತ್ತದೆ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅದಕ್ಕೆ ಇದರಿಂದ ನೇರ ಲಾಭ. ಒಂದು ಕೈಕೊಟ್ಟ ದಿನ ಇನ್ನೊಂದರಲ್ಲಿ ಕೆಲಸ ಮುಂದುವರಿಸಲೂ ಬರುತ್ತದೆ. ಅಂಗಡಿಯವರು 13 ಅಥವಾ 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರ್ ತೋರಿಸಿದರೆ ಒಂದು ವಿಷಯ ನೆನಪಿರಲಿ. ಆ ತಲೆಮಾರುಗಳ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜ್ ಬೇಡಿಕೊಂಡು ಅಸ್ಥಿರವಾದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಪ್ರೊಸೆಸರಿನೊಳಗಿನ ಸೂಚನೆಗಳಾದ ಮೈಕ್ರೋಕೋಡಿನ ಪರಿಷ್ಕರಣೆ ನೀಡಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅವನ್ನು ಕೊಳ್ಳುವವರು ಆ ಪರಿಷ್ಕರಣೆ ಹೊತ್ತು ಬರುವ ಮದರ್‌ಬೋರ್ಡಿನ ಮೂಲ ತಂತ್ರಾಂಶ, ಅಂದರೆ ಬಯಾಸ್, ಹೊಸದಿದೆಯೇ ಎಂದು ಕೇಳಲೇಬೇಕು. 12400ಕ್ಕೆ ಆ ತೊಂದರೆಯಿಲ್ಲ.

ಉತ್ತರ: ಶರಾವತಿ ಹಿನ್ನೀರು (ಸಾಗರ)

ನನ್ನ ಅಭಿಪ್ರಾಯ ಮೇಲಿನ ಇಬ್ಬರಿಗಿಂತ ಭಿನ್ನವಾಗಿದೆ. ಇಷ್ಟೆಲ್ಲ ಕಾಪಾಡಿಕೊಂಡು ದೊಡ್ಡ ಪೆಟ್ಟಿಗೆ ಕಟ್ಟಿಸುವುದಕ್ಕಿಂತ ಒಂದು ಮಿನಿ ಪಿಸಿ ತೆಗೆದುಕೊಳ್ಳುವುದು ನಮ್ಮ ಕಡೆಗೆ ಹೆಚ್ಚು ಸೂಕ್ತ. ಅಂಗೈಯಗಲದ ಪೆಟ್ಟಿಗೆ, ಲ್ಯಾಪ್‌ಟಾಪಿಗೆ ಹಾಕುವಂಥ ಪ್ರೊಸೆಸರ್, ಹೊರಗಿನ ಅಡಾಪ್ಟರ್. ಆ ಅಡಾಪ್ಟರ್ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ, ಸುಟ್ಟರೆ ಅಡಾಪ್ಟರ್ ಒಂದನ್ನೇ ಬದಲಿಸಿದರೆ ಸಾಕಾಗುವ ಸಂಭವ ಹೆಚ್ಚು. ಬಳಕೆ ಕಡಿಮೆಯಾದ್ದರಿಂದ ಕರೆಂಟಿಲ್ಲದ ಇಡೀ ದಿನ ಇನ್ವರ್ಟರ್ ಮೇಲೆ ಕೆಲಸ ಮಾಡಬಹುದು. ನಾನು ಅಡಿಕೆ ವ್ಯವಹಾರದ ಲೆಕ್ಕಪತ್ರವನ್ನು ಇಂಥದ್ದರಲ್ಲೇ ನೋಡಿಕೊಳ್ಳುತ್ತಿದ್ದೇನೆ, ಮಳೆಗಾಲದಲ್ಲಿ ಅದರಿಂದ ನನಗೆ ಯಾವ ತೊಂದರೆಯೂ ಆಗಿಲ್ಲ.

ಶೇಖರಣೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅದನ್ನೂ ಬರೆಯುತ್ತೇನೆ. ಎನ್‌ವಿಎಂಇ ಎಸ್‌ಎಸ್‌ಡಿ ಸೆಕೆಂಡಿಗೆ 3500 ಎಂಬಿ ಓದುತ್ತದೆಯೋ 7000 ಓದುತ್ತದೆಯೋ ಎಂಬುದು ನಕ್ಷೆ ತೆರೆಯುವವರಿಗೆ ಅನುಭವಕ್ಕೇ ಬಾರದು. ನೋಡಬೇಕಾದದ್ದು ಅದು ಒಂದು ಕೋಶದಲ್ಲಿ ಮೂರು ಬಿಟ್ ಇಡುವ, ಸಾಮಾನ್ಯವಾಗಿ ಹೆಚ್ಚು ಬಾಳುವ ಟಿಎಲ್‌ಸಿಯೋ ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿಯೋ ಎಂಬುದನ್ನು, ಮತ್ತು ವಾರಂಟಿ ಮೂರು ವರ್ಷವೋ ಐದು ವರ್ಷವೋ ಎಂಬುದನ್ನು. ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ಸರ್ವರ್ ಡಿಸ್ಕುಗಳಲ್ಲಿರುವಂತೆ ಕರೆಂಟು ಹೋದಾಗ ಬರವಣಿಗೆ ಮುಗಿಸಿಕೊಳ್ಳುವ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ. ಉಳಿಸುತ್ತಿದ್ದ ಕಡತ ಅರ್ಧಕ್ಕೇ ನಿಲ್ಲಬಹುದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ, ಸರಿಯಾಗಿ ಮುಚ್ಚದೆ ಆರಿಹೋದ ಸಲಗಳ ಎಣಿಕೆ ಅಲ್ಲೇ ಕಾಣುತ್ತದೆ. ಆ ಸಂಖ್ಯೆ ಏರುತ್ತಿದ್ದರೆ ಯುಪಿಎಸ್ ಬ್ಯಾಟರಿ ಮುಗಿದಿರಬಹುದು, ಪರೀಕ್ಷಿಸಬೇಕು.

ಉತ್ತರ: ಕೊಡಚಾದ್ರಿ ತಪ್ಪಲು (ಹೊಸನಗರ)

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ಎಫ್ ಇಲ್ಲದ ಪ್ರೊಸೆಸರ್, ಎರಡು ರ‍್ಯಾಮ್, ವೈಫೈ ಮದರ್‌ಬೋರ್ಡ್ ಎಂದು ಪಟ್ಟಿ ತಿದ್ದಿಸಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬಿಟ್ಟಿದ್ದೇನೆ, ಆ ಹಣದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಎರಡೂ ಬರುತ್ತವೆ. ಸಾಗರದವರ ಮಿನಿ ಪಿಸಿಯ ಸಲಹೆಯನ್ನೂ ಯೋಚಿಸಿದೆ. ಆದರೆ ಮುಂದೆ ಮೂರು ಆಯಾಮದ ಕೆಲಸ ಹೆಚ್ಚುವ ನಿರೀಕ್ಷೆ ಇರುವುದರಿಂದ ಕಾರ್ಡ್ ಹಾಕಿಸಲು ಜಾಗವಿರುವ ಯಂತ್ರವೇ ನನಗೆ ಬೇಕು.

ಇನ್ನೆರಡು ಸಂದೇಹಗಳಿವೆ. ಈಗಿನ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ, ಟೆಸ್ಟರ್ ಇಟ್ಟರೆ ಉರಿಯುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದರೆ ಇದು ನಿಲ್ಲುತ್ತದೆಯೇ? ಎರಡನೆಯದಾಗಿ, ಮನೆಯಲ್ಲಿ ಇನ್ವರ್ಟರ್ ಇರುವಾಗ ಯುಪಿಎಸ್ ಬೇರೆ ಬೇಕೇ?

ಉತ್ತರ: ವರದಾ ತೀರ (ಸೊರಬ)

ನಾನು ವೈರಿಂಗ್ ಕೆಲಸ ಮಾಡುವವನು, ಮೊದಲನೆಯ ಸಂದೇಹಕ್ಕೆ ಉತ್ತರಿಸುತ್ತೇನೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಅದು ನಿಲ್ಲುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸ್‌ನಿಂದ ಕ್ಯಾಬಿನೆಟ್ಟಿಗೆ ಒಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಒಂದು ಎಂದು ಎರಡು ಸಮಾನ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಇವೆರಡರ ನಡುವೆ ತೂಗಿಕೊಂಡು 230ರ ಅರ್ಧ, ಅಂದರೆ 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಹರಿಯುವ ವಿದ್ಯುತ್ ಅತ್ಯಲ್ಪವಾದ್ದರಿಂದ ಜುಮ್ಮೆನ್ನುತ್ತದೆ ಅಷ್ಟೇ, ಆದರೆ ನಿಮ್ಮ ಮನೆಯ ಮೂರನೆಯ ತೂತಿಗೆ ಅರ್ಥ್ ತಲುಪಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ಅರ್ಥ್ ಇಲ್ಲದಿದ್ದರೆ ಸರ್ಜ್ ತಡೆಯುವ ಪಟ್ಟಿ ಕೊಂಡರೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಹೊಡೆತವನ್ನು ಭೂಮಿಗೆ ಇಳಿಸುವ ದಾರಿಯೇ ಅದಕ್ಕೆ ಇರುವುದಿಲ್ಲ.

ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅಳೆಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬಂದರೆ ಏನೋ ದೋಷವಿದೆ ಎಂದರ್ಥ. ಮೀಟರ್ ಒಂದನ್ನೇ ನಂಬುವಂತಿಲ್ಲ: ಒಣಗಿದ ಅರ್ಥ್ ಗುಂಡಿಯೂ ಮೀಟರಿನಲ್ಲಿ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಹೊರೆ ಹಾಕಿದಾಗ ಕುಸಿಯುತ್ತದೆ. ಅದಕ್ಕೇ ನಾವು ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟ್ ಬಲ್ಬ್ ಹಾಕಿ ನೋಡುತ್ತೇವೆ. ಪೂರ್ತಿ ಬೆಳಗಬೇಕು, ಮಂಕಾಗಬಾರದು. ಇದನ್ನು ತಿಳಿದವರೇ ಮಾಡಬೇಕು, ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರುವ ಮನೆಯಲ್ಲಿ ಅದು ಟ್ರಿಪ್ ಆಗುತ್ತದೆ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದು ವಿಶೇಷ ತೊಂದರೆಯಿದೆ. ಮಳೆ ಹಿಡಿದಾಗ ಅರ್ಥಿಂಗ್ ತಾನಾಗಿ ಚೆನ್ನಾಗಿರುತ್ತದೆ. ಆದರೆ ಸಿಡಿಲಿನ ಕಾಟ ಹೆಚ್ಚಿರುವುದು ಪುನರ್ವಸು, ಪುಷ್ಯದ ಜಡಿಮಳೆಯಲ್ಲಲ್ಲ, ಭರಣಿ, ಕೃತ್ತಿಕಾ ಮಳೆಯ ಸಂಜೆಗಳಲ್ಲಿ. ಆಗ ನೆಲ ವರ್ಷದಲ್ಲೇ ಅತಿ ಒಣಗಿರುತ್ತದೆ. ಮಾರ್ಚಿಯಿಂದಲೇ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ವಾರಕ್ಕೊಮ್ಮೆ ನೀರು ಹೊಯ್ಯುವ ರೂಢಿ ಇಟ್ಟುಕೊಳ್ಳಿ.

ಇನ್ನೊಂದು ಅಪಾಯವನ್ನು ಇಲ್ಲಿ ಯಾರೂ ಪ್ರಸ್ತಾಪಿಸಿಲ್ಲ. ಮರ ಬಿದ್ದು ಕಂಬದ ನ್ಯೂಟ್ರಲ್ ತಂತಿ ಮಾತ್ರ ಕಡಿದರೆ ಕೆಲವು ಮನೆಗಳಿಗೆ 400 ವೋಲ್ಟಿನ ಹತ್ತಿರ ನುಗ್ಗುತ್ತದೆ. ಸರ್ಜ್ ಪಟ್ಟಿಯೊಳಗಿನ ಎಂಒವಿ ಎಂಬ ಪುಟ್ಟ ಭಾಗ ಕ್ಷಣಮಾತ್ರದ ಹೊಡೆತ ತಡೆಯಲು ಮಾಡಿದ್ದು, ನಿಮಿಷಗಟ್ಟಲೆ ನಿಲ್ಲುವ ಅತಿವೋಲ್ಟೇಜಿಗೆ ಅದೇ ಸುಟ್ಟುಹೋಗುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಲೈನ್ ಕಡಿದು, ಸರಿಯಾದ ಮೇಲೆ ತಡವಾಗಿ ಜೋಡಿಸುವ ರಿಲೇ ಮೀಟರ್ ಬೋರ್ಡಿನ ಬಳಿ ಹಾಕಿಸಿದರೆ ಕಂಪ್ಯೂಟರಷ್ಟೇ ಅಲ್ಲ, ಫ್ರಿಜ್ ಕೂಡ ಉಳಿಯುತ್ತದೆ. ಹೊಸ ಕಂಪ್ಯೂಟರ್ ತರುವ ಮೊದಲೇ ಇದನ್ನು ಮಾಡಿಸಿ ಎಂದು ಕಳಕಳಿಯಿಂದ ಹೇಳುತ್ತೇನೆ. ಸಿಡಿಲು ಅಥವಾ ಅತಿವೋಲ್ಟೇಜಿನಿಂದ ಸುಟ್ಟ ಭಾಗವನ್ನು ಸಾಮಾನ್ಯವಾಗಿ ಯಾವ ವಾರಂಟಿಯೂ ಒಳಗೊಳ್ಳುವುದಿಲ್ಲ.

ಉತ್ತರ: ದುರ್ಗಿಗುಡಿ ಬೆಂಚು (ಶಿವಮೊಗ್ಗ)

ಸೊರಬದವರು ಹೇಳಿದ್ದು ಅಕ್ಷರಶಃ ಸರಿ. ಇನ್ವರ್ಟರ್ ಮತ್ತು ಯುಪಿಎಸ್ ಕುರಿತ ನಿಮ್ಮ ಸಂದೇಹಕ್ಕೆ ನನ್ನ ಉತ್ತರ: ಎರಡೂ ಬೇಕು, ಇನ್ವರ್ಟರ್ ಹಿಂದೆ, ಯುಪಿಎಸ್ ಮುಂದೆ, ಅಂದರೆ ಇನ್ವರ್ಟರಿನ ಲೈನಿಗೆ ಯುಪಿಎಸ್, ಯುಪಿಎಸ್‌ಗೆ ಕಂಪ್ಯೂಟರ್. ಇನ್ವರ್ಟರ್ ಗಂಟೆಗಟ್ಟಲೆ ಕರೆಂಟು ಕೊಡುತ್ತದೆ, ಆದರೆ ಬದಲಾಗುವಾಗಿನ ಅಂತರವನ್ನು ಕಂಪ್ಯೂಟರ್ ಎಲ್ಲ ಸಲವೂ ತಾಳುವುದಿಲ್ಲ. ಯುಪಿಎಸ್ ಆ ಅಂತರವನ್ನು ತುಂಬುತ್ತದೆ. ಇದಕ್ಕೆ ಇನ್ವರ್ಟರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು, ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಾದರೆ ಅದರ ಕರೆಂಟನ್ನು ಯುಪಿಎಸ್ ಒಪ್ಪದೆ ಮತ್ತೆ ಮತ್ತೆ ಬ್ಯಾಟರಿಗೆ ಜಿಗಿಯಬಹುದು.

ಯುಪಿಎಸ್ 600 ವಿಎ ಎಂದರೆ ಸುಮಾರು 360 ವ್ಯಾಟ್, ಕಾರ್ಡಿಲ್ಲದ ನಿಮ್ಮ ಯಂತ್ರಕ್ಕೆ ಸಾಕು. ಮುಂದೆ ಕಾರ್ಡ್ ಹಾಕಿಸುವ ಯೋಚನೆ ಇರುವುದರಿಂದ 1000 ವಿಎ ತೆಗೆದುಕೊಂಡರೆ ನಿಶ್ಚಿಂತೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಕೊಡುವುದು ನಿಜವಾದ ಸೈನ್ ವೇವ್ ಅಲ್ಲ, ಮೆಟ್ಟಿಲಾಕಾರದ ಅಲೆ. ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಅದಕ್ಕೆ ಬದಲಾಗುವ ಕ್ಷಣದಲ್ಲಿ ಟಕ್ ಎಂದು ಆರಿಬಿಡುತ್ತವೆ. ಆದ್ದರಿಂದ ಅಂಗಡಿಯಲ್ಲೇ ನಿಮ್ಮ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಜೋಡಿಸಿ, ಯಂತ್ರ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ಚನ್ನು ಹಲವು ಸಲ ಆರಿಸಿ ನೋಡದೆ ಹಣ ಕೊಡಬೇಡಿ.

ಇನ್ವರ್ಟರಿನ ಹಿಂದೆ ನಾರ್ಮಲ್ ಮತ್ತು ಯುಪಿಎಸ್ ಎಂಬ ಎರಡು ಸ್ಥಾನದ ಸ್ವಿಚ್ ಇದ್ದರೆ ಸಾಮಾನ್ಯವಾಗಿ ನಾರ್ಮಲ್‌ನಲ್ಲೇ ಇಡಿ. ಆ ಸ್ಥಾನದಲ್ಲಿ ಇನ್ವರ್ಟರ್ ಬಹಳ ಇಳಿದ ವೋಲ್ಟೇಜನ್ನೂ ಹಾಗೆಯೇ ಒಳಗೆ ಬಿಡುತ್ತದೆ, ನಿಮ್ಮ 170 ವೋಲ್ಟನ್ನು ಯುಪಿಎಸ್ ತನ್ನೊಳಗಿನ ಎವಿಆರ್‌ನಿಂದ (ವೋಲ್ಟೇಜ್ ಸರಿಪಡಿಸುವ ಏರ್ಪಾಡಿನಿಂದ) ಏರಿಸಿಕೊಳ್ಳುತ್ತದೆ, ಯಾವ ಬ್ಯಾಟರಿಯೂ ಖರ್ಚಾಗುವುದಿಲ್ಲ. ತೊಂದರೆ ಬರುವುದು ವೋಲ್ಟೇಜ್ 140ಕ್ಕಿಂತ ಕೆಳಗಿಳಿದ ಸಂಜೆಗಳಲ್ಲಿ: ಇನ್ವರ್ಟರ್ ಕರೆಂಟು ಇದೆ ಎಂದುಕೊಂಡು ಸುಮ್ಮನಿರುತ್ತದೆ, ಯುಪಿಎಸ್ ಮಾತ್ರ ತನ್ನ 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿಯನ್ನು ಹೀರಿಕೊಂಡು ಕಾಲು ಗಂಟೆಯೊಳಗೆ ಕೈಚೆಲ್ಲುತ್ತದೆ. ಯುಪಿಎಸ್ ಬೀಪ್ ಎನ್ನತೊಡಗಿತು, ಮನೆಯ ದೀಪಗಳು ಮಂಕಾಗಿ ಉರಿಯುತ್ತಿವೆ ಎಂದಾದರೆ ಕೂಡಲೇ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಸ್ಥಾನಕ್ಕೆ ಹಾಕಿ. ಆಗ ಅದು ಇಳಿದ ಕರೆಂಟನ್ನು ಬಿಟ್ಟು ತನ್ನ ದೊಡ್ಡ ಬ್ಯಾಟರಿಗೆ ಬರುತ್ತದೆ, ಮುಂದಿರುವ ಯುಪಿಎಸ್ ಮತ್ತೆ ಚಾರ್ಜ್ ಆಗತೊಡಗುತ್ತದೆ.